ಬಾಣಂತಿಯನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಹೋದ ವರ್ಷ ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತನದಲ್ಲಿ ನಾನು ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಹರಳೆಣ್ಣೆ ಹಚ್ಚಿ ಹಂಡೆ ನೀರು ಎರೆದೆ. ಸಾಂಬ್ರಾಣಿ ಹೊಗೆ ಕೊಟ್ಟೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಎಲ್ಲ ನನ್ನಮ್ಮ ನನಗೆ ಮಾಡಿದ ಹಾಗೆಯೇ. ಆ ಹುಡುಗಿ ಒಳಗೊಳಗೇ ಕುಸಿಯುತ್ತಿದ್ದದ್ದು ಮಾತ್ರ ನನಗೆ ಕಾಣಲಿಲ್ಲ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದು ರಾತ್ರಿ ಎರಡು ಗಂಟೆ ಇರಬೇಕು. ತೊಟ್ಟಿಲಲ್ಲಿ ಮಗು ಒಂದೇ ಸಮ ಅಳುತ್ತಿತ್ತು. ಮಗಳು ಎಚ್ಚರವಾಗಿಯೇ ಇದ್ದಳು. ಗೋಡೆ ನೋಡುತ್ತಾ ಕೂತಿದ್ದಳು. ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. "ಎತ್ಕೊಳ್ಳೇ, ಹಸಿದಿದೆ" ಎಂದೆ. ನನ್ನ ಕಡೆ ತಿರುಗದೆ, "ನನ್ನ ಕೈಲಿ ಆಗಲ್ಲಮ್ಮ, ನೀನೇ ಸಾಕ್ಕೋ" ಎಂದಳು. ನನಗೆ ಸಿಟ್ಟು ಬಂತು. "ನಾವೇನು ಮಕ್ಕಳು ಹೆತ್ತಿಲ್ವಾ?" ಎಂದು ಬೈದೆ. ಆ ಮಾತು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೋಡಲು ಬಂದವರೆಲ್ಲ ಮಗುವನ್ನೇ ವಿಚಾರಿಸಿದರು. ಗಂಡಾ, ಹೆಣ್ಣಾ? ಯಾರ ಹಾಗಿದೆ? ಹಾಲು ಸಾಕಾಗುತ್ತಾ? ಮಗಳು ಮಂಕಾಗಿರುವುದು ಕಂಡು ಒಬ್ಬರು ದೃಷ್ಟಿ ತೆಗೆಸಿ ಎಂದರು. ಇನ್ನೊಬ್ಬರು ಹೊಸ್ತಿಲ ಹತ್ತಿರ ನಿಂತು "ಬಾಣಂತಿ ಸನ್ನಿ ಇರಬೇಕು" ಎಂದು ಪಿಸುಗುಟ್ಟಿದರು. ಆಸ್ಪತ್ರೆಯಲ್ಲಿ ಹೊಲಿಗೆ ನೋಡಿದರು, ಬಿ.ಪಿ. ನೋಡಿದರು, ಮಗುವಿನ ತೂಕ ನೋಡಿದರು. ಅವಳ ತಾಯಿ ಕಾರ್ಡನ್ನು ಆಮೇಲೆ ತೆಗೆದು ನೋಡಿದೆ. ರಕ್ತ, ಕಬ್ಬಿಣದ ಮಾತ್ರೆ, ಚುಚ್ಚುಮದ್ದು, ಎಲ್ಲ ತುಂಬಿಸಿದ್ದರು. ಮನಸ್ಸಿನ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ.

ಕೇಳಿದವರು ನಮ್ಮ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. 28ನೇ ದಿನ ಬಂದಾಗ ಮಗುವಿನ ತೂಕ ಬರೆದುಕೊಂಡು, ಪುಸ್ತಕ ಮುಚ್ಚಿ, "ಅಮ್ಮಾ, ನೀವು ಸ್ವಲ್ಪ ಆಚೆ ಇರ್ತೀರಾ?" ಎಂದರು. ನನ್ನ ಮನೆಯಲ್ಲಿ ನನ್ನನ್ನೇ ಆಚೆ ಕಳಿಸುತ್ತಾರಲ್ಲ ಎಂದು ಬೇಜಾರಾಯಿತು. ಬಾಗಿಲ ಹಿಂದಿನಿಂದ ಕೇಳಿಸಿತು: "ನೀನು ಹೇಗಿದೀಯವ್ವ?" ಅಷ್ಟೇ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕು ವಾರದಿಂದ ಜೊತೆಯಲ್ಲೇ ಇದ್ದ ನಾನು ಆ ಒಂದು ಮಾತು ಕೇಳಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಅವರೇ ಕರೆದುಕೊಂಡು ಹೋದರು. ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಹೆರಿಗೆಯಾದ ಕೂಡಲೇ ಮೈಯಲ್ಲಿ ಹಾರ್ಮೋನು ಧಡಕ್ಕನೆ ಇಳಿಯುತ್ತದೆ. ಅದರ ಜೊತೆಗೆ ನಿದ್ದೆಯಿಲ್ಲ, ನೋವು, ಹೊಸ ಜವಾಬ್ದಾರಿ. ಮೊದಲ ವಾರ ಸುಮ್ ಸುಮ್ನೆ ಅಳು ಬರುವುದು ಬಹಳ ಜನರಿಗೆ ಇದ್ದದ್ದೇ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದಕ್ಕೂ ಮುಂದೆ ಎಳೆದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆ ಬೇಕು. ನನಗಿದ್ದ ದೊಡ್ಡ ಹೆದರಿಕೆ ಹಾಲು ಬಿಡಿಸಬೇಕಾಗುತ್ತದೆ ಎಂದು. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಯನ್ನೇ ಅವರು ಕೊಟ್ಟರು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ರಾತ್ರಿ ಒಂದು ಹೊತ್ತು ಮಗುವನ್ನು ನಾವು ನೋಡಿಕೊಂಡು ಅವಳನ್ನು ನಾಲ್ಕೈದು ಗಂಟೆ ಮಲಗಲು ಬಿಡಿ ಎಂದರು. ಅಳಿಯಂದಿರು ರಜೆ ಹಾಕಿ ಬಂದರು. ಮೂರನೇ ತಿಂಗಳಿಗೆ ಮಗಳು ಮಗುವಿಗೆ ತಾನೇ ಎಣ್ಣೆ ಹಚ್ಚುತ್ತಾ ಮಾತಾಡಿಸತೊಡಗಿದಳು.

ಇಂಥವರು ಎಲ್ಲೋ ಒಬ್ಬಿಬ್ಬರು ಎಂದುಕೊಂಡಿದ್ದೆ. ನಮ್ಮಂಥ ದೇಶಗಳಲ್ಲಿ ನೂರಕ್ಕೆ ಸುಮಾರು 16 ಬಸುರಿಯರಿಗೂ 20 ಬಾಣಂತಿಯರಿಗೂ ಮನಸ್ಸಿನ ತೊಂದರೆ ಇರುತ್ತದೆ, ಅದರಲ್ಲಿ ಖಿನ್ನತೆಯೇ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯರು ಎಂಬ ಮಾತು ಓದಿ ನನಗೆ ಸೀಮಂತದ ದಿನ ನೆನಪಾಯಿತು. ಹಸಿರು ಬಳೆ ತೊಡಿಸುವಾಗಲೂ ಅವಳ ಮುಖದಲ್ಲಿ ನಗು ಇರಲಿಲ್ಲ. "ಬಸುರಿಗೆ ಹಾಗೆಲ್ಲ ಆಗುತ್ತೆ" ಎಂದು ನಾವೇ ಬಾಯಿ ಮುಚ್ಚಿಸಿದ್ದೆವು.

ಇನ್ನು ಆ ಸನ್ನಿಯ ಮಾತು. ಬಾಣಂತಿ ನಿದ್ದೆಯನ್ನೇ ಮಾಡದೆ, ಏನೇನೋ ಮಾತಾಡುತ್ತಾ, ಮನೆಯವರನ್ನೇ ಅನುಮಾನಿಸತೊಡಗಿದರೆ ಅದು ಬೇರೆ ಕಾಯಿಲೆ. ಸಾವಿರ ಹೆರಿಗೆಗೆ ಒಂದೋ ಎರಡೋ. ಆಗ ತಾಯತ, ಮಂತ್ರ ಎಂದು ಒಂದು ದಿನವನ್ನೂ ಕಳೆಯಬಾರದು. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ 2009ರಿಂದಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎನ್ನುತ್ತದೆ. ಆದರೆ ದೂರದ ಹಳ್ಳಿಯವರು ನಾಲ್ಕು ವಾರದ ಕೂಸನ್ನು ಎತ್ತಿಕೊಂಡು ಬೆಂಗಳೂರಿಗೆ ಹೋಗುವುದು ಸುಲಭವಾ? ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಎರಡು ಮಂಚವಾದರೂ ಬೇಕು.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಚಿಕ್ಕದು. ಪ್ರತಿ ತಿಂಗಳ 9ರಂದು ನಡೆಯುವ ಬಸುರಿಯರ ತಪಾಸಣೆಯಲ್ಲೂ, ಆಶಾ ಅವರ ಮನೆ ಭೇಟಿಯಲ್ಲೂ ಎರಡು ಪ್ರಶ್ನೆ ಕೇಳಲಿ. ಈ ತಿಂಗಳಲ್ಲಿ ಮನಸ್ಸು ಕುಗ್ಗಿದ ಹಾಗೆ, ಏನೂ ಬೇಡ ಎಂಬ ಹಾಗೆ ಆಗಿದೆಯಾ? ಮೊದಲು ಇಷ್ಟಪಡುತ್ತಿದ್ದ ಕೆಲಸದಲ್ಲಿ ಈಗ ಆಸೆ ಉಳಿದಿಲ್ವಾ? ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯಲಿ. ಕೇಳುವಾಗ ಅತ್ತೆ, ಅಮ್ಮ, ಗಂಡ ಯಾರೂ ಕೋಣೆಯಲ್ಲಿ ಇರಬಾರದು. ನಮ್ಮೆದುರು ಯಾವ ಹುಡುಗಿ ಬಾಯಿ ಬಿಡುತ್ತಾಳೆ? ಇದಕ್ಕೆ ಆಶಾ ಅವರಿಗೆ ಸರಿಯಾದ ತರಬೇತಿ ಕೊಡಬೇಕು, ಕೊಡಬೇಕಾದ ದುಡ್ಡನ್ನೂ ಕೊಡಬೇಕು. ಈಗಲೇ ಅವರ ತಲೆ ಮೇಲೆ ನೂರೆಂಟು ಕೆಲಸ ಹೊರಿಸಿದ್ದಾರೆ.

ಸಂಪಾದಕರೇ, ಟೆಲಿ ಮನಸ್ ಎಂಬ ಸಹಾಯವಾಣಿ 2022ರಿಂದ ಇದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ರಾತ್ರಿ ನನಗೆ ಅದು ಗೊತ್ತಿದ್ದರೆ ಮಗಳಿಗೆ ಬೈಯುವ ಬದಲು ಫೋನ್ ಮಾಡುತ್ತಿದ್ದೆ. ಪತ್ರಕ್ಕೆ ಜಾಗ ಸಾಲದಿದ್ದರೆ ಉಳಿದದ್ದನ್ನು ಕತ್ತರಿಸಿ, ಆ ನಂಬರ್ ಒಂದನ್ನು ದಪ್ಪ ಅಕ್ಷರದಲ್ಲಿ ಹಾಕಿ: 14416.

ಇತಿ,
ಒಬ್ಬ ತಾಯಿ
ತಿಪಟೂರು