ಕನ್ನಡ ಪಾಠದ ಆ ರೆಕಾರ್ಡಿಂಗುಗಳು ಎಲ್ಲಿ ಹೋದವು?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಮಳೆಗೆ ರೆಡ್ ಅಲರ್ಟ್ ಅಂತ ಕಾಸರಗೋಡು ಜಿಲ್ಲೆಗೆ ರಜೆ ಕೊಟ್ಟ ದಿನ ಡಿಗ್ರಿ ಓದುವ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ಲು. ಸರ್, ಕೊರೋನಾ ಟೈಮಲ್ಲಿ ನೀವು ಹಳಗನ್ನಡ ಪಾಠ ರೆಕಾರ್ಡ್ ಮಾಡಿದ್ದು ಉಂಟಂತೆ, ಅಕ್ಕ ಹೇಳಿದ್ಲು, ಲಿಂಕ್ ಕಳಿಸ್ತೀರಾ ಅಂತ. ಹುಡುಕಿದ್ರೆ ಲಿಂಕ್ ಓಪನ್ನೇ ಆಗುದಿಲ್ಲ. ನಾನು ಆಗ ಗೆಸ್ಟ್ ಲೆಕ್ಚರರ್, ಎಲ್ಲ ಇಟ್ಟದ್ದು ಕಾಲೇಜು ಕೊಟ್ಟ ಗೂಗಲ್ ಐಡಿಯಲ್ಲಿ, ಅವಧಿ ಮುಗಿದ ಮೇಲೆ ಆ ಐಡಿ ಹೋಯ್ತು, ಅದರ ಜೊತೆ ಪಾಠವೂ ಹೋಯ್ತು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

2020ರ ಜೂನ್ 1ಕ್ಕೆ ಕೇರಳದಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ನಮಗೆ ಯಾರಿಗೂ ಇದು ಗೊತ್ತಿರ್ಲಿಲ್ಲ. ಫ್ರೀ ಝೂಮ್ 40 ನಿಮಿಷಕ್ಕೆ ಕಟ್ ಆಗ್ತಿತ್ತು, ಮತ್ತೆ ಗೂಗಲ್ ಮೀಟಿಗೆ ಹೋದೆವು. ಪೆರ್ಲ, ಬಾಯಾರು, ಅಡೂರು ಕಡೆಯ ಮಕ್ಕಳಿಗೆ ಅಡಿಕೆ ತೋಟದ ಒಳಗಿನ ಮನೆಯಲ್ಲಿ ರೇಂಜೇ ಸಿಗ್ತಿರ್ಲಿಲ್ಲ, ಜಡಿಮಳೆಯಲ್ಲಿ ಕೊಡೆ ಹಿಡ್ಕೊಂಡು ಗುಡ್ಡೆ ಹತ್ತಿ ನಿಂತು ಅಟೆಂಡೆನ್ಸ್ ಹೇಳ್ತಿದ್ರು, ಅಷ್ಟರಲ್ಲಿ ನನ್ನ ಮನೆಯಲ್ಲಿ ಕರೆಂಟು ಹೋಗ್ತಿತ್ತು. ಇನ್ನು ನೋಟ್ಸ್. ವರ್ಷಗಟ್ಟಲೆ ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟದ್ದನ್ನು ಗೂಗಲ್ ಕ್ಲಾಸ್‌ರೂಮಿಗೆ ಹಾಕಿದ್ರೆ ಮಕ್ಕಳ ಮೊಬೈಲಲ್ಲಿ ಕನ್ನಡವೇ ಕಾಣುದಿಲ್ಲ, ಏನೇನೋ ಚಿಹ್ನೆ ಮಾತ್ರ. ರಾತ್ರಿ ಕೂತು ಒಂದೊಂದೇ ಪಾಠವನ್ನು ಮೊಬೈಲಲ್ಲೂ ಸರಿಯಾಗಿ ಕಾಣುವ ಯೂನಿಕೋಡಿಗೆ ಬದಲಾಯಿಸಿ, ತಪ್ಪು ತಿದ್ದಿ, ಕಡೆಗೆ ಲೈವ್ ಕ್ಲಾಸ್ ಕಮ್ಮಿ ಮಾಡಿ 15 ನಿಮಿಷದ ಸಣ್ಣ ಸಣ್ಣ ತುಂಡು ರೆಕಾರ್ಡ್ ಮಾಡಿ ಹಾಕ್ಲಿಕ್ಕೆ ಶುರು ಮಾಡಿದೆ, ರೇಂಜ್ ಸಿಕ್ಕಿದಾಗ ಡೌನ್‌ಲೋಡ್ ಮಾಡಿ ಕೇಳ್ಲಿ ಅಂತ. ಮಕ್ಕಳು ನಿಜವಾಗಿ ಕೇಳಿ ಪ್ರಶ್ನೆ ಕೇಳಿದ್ದು ಅದರ ನಂತರವೇ. ನನ್ನ ಪರಿಚಯದ ಇತರ ಕನ್ನಡ ಅಧ್ಯಾಪಕರೂ ಹೀಗೇ ಮಾಡಿದವರು.

ಶಾಲೆ ಮಕ್ಕಳಿಗಾದ್ರೆ ಕೇರಳ ಸರಕಾರದ ಶಿಕ್ಷಣ ಚಾನೆಲ್ ಕೈಟ್ ವಿಕ್ಟರ್ಸಿನಲ್ಲಿ ಫಸ್ಟ್ ಬೆಲ್ ಅಂತ ಪಾಠದ ಕಾರ್ಯಕ್ರಮ ಇತ್ತು, ಕನ್ನಡ ಮಾಧ್ಯಮಕ್ಕೂ ಕ್ಲಾಸ್ ಮಾಡಿದ್ರು. ಕಾಲೇಜಿನ ಕನ್ನಡಕ್ಕೆ ಹಾಗೆ ಒಂದು ಜಾಗ ಸಿಗ್ಲಿಲ್ಲ. ಕೇಂದ್ರ ಸರಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್ 2017ರಿಂದ ಉಂಟು, ಆದ್ರೆ ನಮ್ಮ ಸಿಲೆಬಸ್ಸಿಗೆ ಬೇಕಾದ ಕನ್ನಡ ಪಾಠ ಅದರಲ್ಲಿ ನನಗೆ ಸಿಗ್ಲಿಲ್ಲ. ಗೂಗಲ್ ಬೇರೆ 2022ರಿಂದ ಶಿಕ್ಷಣ ಸಂಸ್ಥೆಗಳ ಅನ್‌ಲಿಮಿಟೆಡ್ ಸ್ಟೋರೇಜ್ ನಿಲ್ಲಿಸಿ ಒಂದು ಸಂಸ್ಥೆಗೆ ಒಟ್ಟು 100 ಟಿಬಿ ಅಂತ ಮಾಡಿತು. ಜಾಗ ಖಾಲಿ ಮಾಡ್ಬೇಕು ಅಂತ ಬಂದಾಗ ಮೊದ್ಲು ಅಳಿಸುದು ಇಂಥ ಹಳೇ ರೆಕಾರ್ಡಿಂಗುಗಳನ್ನೇ.

ಕಣ್ಣೂರು ವಿಶ್ವವಿದ್ಯಾಲಯ ಮತ್ತು ಇಲ್ಲಿನ ಕಾಲೇಜುಗಳ ಕನ್ನಡ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟೇ. ಅಧ್ಯಾಪಕರ ಪೆನ್‌ಡ್ರೈವ್, ವಾಟ್ಸಾಪ್ ಗ್ರೂಪ್, ಹಳೇ ಲ್ಯಾಪ್‌ಟಾಪುಗಳಲ್ಲಿ ಉಳಿದದ್ದನ್ನು ಈ ವರ್ಷವೇ ಕೇಳಿ ತೆಗೆದು, ಯಾರ ಐಡಿ ಹೋದ್ರೂ ಹೋಗದ ಹಾಗೆ ಒಂದೇ ಕಡೆ ಇಡಿ, ಪಾಸ್‌ವರ್ಡ್ ಇಲ್ಲದೆ ಮಕ್ಕಳಿಗೆ ಸಿಗ್ಲಿ. ನನ್ನ ಹಳೇ ಫೋನಲ್ಲಿ 11 ಪಾಠದ ಆಡಿಯೋ ಸಿಕ್ಕಿದೆ. ಆ ಹುಡುಗಿಗೆ ಕಳಿಸಿದ್ದೇನೆ, ಕೇಳಿದ್ರೆ ನಿಮಗೂ ಕೊಡ್ತೇನೆ.

ಇಂತಿ,
ಒಬ್ಬ ಕನ್ನಡ ಅಧ್ಯಾಪಕ, ಬದಿಯಡ್ಕ