ಐದು ಯೂರೊ ಚಿಲ್ಲರೆಯ ಶನಿವಾರ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಬಂದಿತ್ತು. ಅಮ್ಮ ಅದರ ಫೋಟೊ ತೆಗೆದು ನನಗೆ ಕಳಿಸಿದರು, ಕೆಳಗೆ ಏನೂ ಬರೆಯದೆ. ಅಮ್ಮ ಏನೂ ಬರೆಯಲಿಲ್ಲ ಅಂದರೆ ಹೇಳುವುದು ಬಹಳ ಇದೆ ಅಂತ ಅರ್ಥ. ಹೆತ್ತವರು ಸಾಲ ಮಾಡಿ ಇಟಲಿಗೆ ಓದಲು ಕಳಿಸುತ್ತಾರೆ, ಮಕ್ಕಳು ಶನಿವಾರ ವೆನಿಸ್, ಭಾನುವಾರ ರೋಮ್ ಅಂತ ಫೋಟೊ ಹಾಕುತ್ತಾ ಕೂರುತ್ತಾರೆ, ಓದುವುದು ಯಾವಾಗ ಎನ್ನುವುದು ಆ ಹಿರಿಯರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೀಗೆ ಊರು ಸುತ್ತುವವರಲ್ಲಿ ನಾನೂ ಒಬ್ಬಳು. ಹಾಗಾಗಿ ನನ್ನ ಲೆಕ್ಕವನ್ನೂ ಒಂದಿಷ್ಟು ಕೇಳಿ.

ನಾನು ಬೊಲೊನ್ಯಾದಲ್ಲಿ ಎಂ.ಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. 1088ರಲ್ಲಿ ಶುರುವಾಯಿತು ಎನ್ನುವ ವಿಶ್ವವಿದ್ಯಾಲಯ ಇರುವ ಊರು ಇದು. ಇಲ್ಲಿನ ಪ್ರಾದೇಶಿಕ ಸರ್ಕಾರದ ವಿದ್ಯಾರ್ಥಿವೇತನ ಬರುತ್ತದೆ, ಅದರಲ್ಲೇ ಬಾಡಿಗೆ, ಊಟ, ಎಲ್ಲ. ಮೊದಲ ವರ್ಷ ಕ್ಲಾಸಿನ ಹುಡುಗರು ಅಗ್ಗದ ವಿಮಾನ ಹಿಡಿದು ಬಾರ್ಸಿಲೋನಾಗೆ ಹೋಗೋಣ ಬಾ ಅಂತ ಕರೆದರು. ನನಗೆ ಹೋಗುವ ಹಾಗಿರಲಿಲ್ಲ. ಇಟಲಿಗೆ ಬಂದ ಎಂಟು ಕೆಲಸದ ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಹಾಕಿದ್ದೆ. ಕಾರ್ಡ್ ಬರುವುದಕ್ಕೆ ಮೊದಲೇ ವೀಸಾ ಅವಧಿ ಮುಗಿಯಿತು. ಕೈಯಲ್ಲಿ ಉಳಿದದ್ದು ಅಂಚೆ ಕಚೇರಿಯ ರಸೀದಿ. ಆ ರಸೀದಿ ಇಟಲಿಯೊಳಗೆ ಇರಲು ಸಾಕು, ಸ್ಪೇನಿಗೋ ಫ್ರಾನ್ಸಿಗೋ ಹೋಗಲು ಸಾಲದು. ಅವತ್ತು ಅತ್ತುಬಿಟ್ಟೆ. ಈಗ ಯೋಚಿಸಿದರೆ ಆ ರಸೀದಿಯೇ ನನ್ನನ್ನು ನಿಧಾನದ ರೈಲಿಗೆ ಹತ್ತಿಸಿದ್ದು.

ಇಲ್ಲಿ ಅದಕ್ಕೆ ರೆಜೊನಾಲೆ ಅನ್ನುತ್ತಾರೆ. ಸಣ್ಣಪುಟ್ಟ ನಿಲ್ದಾಣಗಳಲ್ಲೆಲ್ಲ ನಿಂತು ಹೋಗುವ ರೈಲು. ಸೀಟ್ ನಂಬರ್ ಇಲ್ಲ, ರಿಸರ್ವೇಶನ್ ಇಲ್ಲ. ಇದರ ದರ ದೂರದ ಮೇಲೆ ನಿಗದಿಯಾಗಿರುತ್ತದೆ. ಒಂದು ತಿಂಗಳು ಮುಂಚೆ ತಗೊಂಡರೂ ಅಷ್ಟೇ, ರೈಲು ಬರುವ ಐದು ನಿಮಿಷ ಮುಂಚೆ ತಗೊಂಡರೂ ಅಷ್ಟೇ. ಫ್ರೆಚ್ಚಾರೊಸ್ಸಾದಂಥ ವೇಗದ ರೈಲುಗಳು ಹಾಗಲ್ಲ, ದಿನ ಹತ್ತಿರ ಬಂದ ಹಾಗೆ ಸಾಮಾನ್ಯವಾಗಿ ದುಬಾರಿಯಾಗುತ್ತವೆ. ಬೊಲೊನ್ಯಾದಿಂದ ಫೆರಾರಾಕ್ಕೆ ರೆಜೊನಾಲೆಯಲ್ಲಿ ಐದು ಯೂರೊ ಚಿಲ್ಲರೆ, ಸುಮಾರು ಅರ್ಧ ಗಂಟೆ. ಬುತ್ತಿ ಬ್ಯಾಗಿನಲ್ಲಿ, ಬಾಟಲಿಗೆ ನೀರು ಊರಿನ ಕೊಳಾಯಿಯಲ್ಲಿ. ರಾತ್ರಿ ವಾಪಸ್ ರೂಮಿಗೆ, ಹೋಟೆಲ್ ಖರ್ಚೇ ಇಲ್ಲ. ಇಡೀ ಶನಿವಾರಕ್ಕೆ ಹದಿನೈದು ಯೂರೊ ಮೇಲೆ ಹೋದದ್ದು ಅಪರೂಪ.

ಹಾಗಂತ ಮೊದಲ ಸಲವೇ ಎಲ್ಲ ಸರಿಯಾಗಿ ನಡೆಯಿತು ಅಂದುಕೊಳ್ಳಬೇಡಿ. ಮೊದಲ ಪ್ರಯಾಣವೇ ಫೆರಾರಾಕ್ಕೆ. ಕಾಗದದ ಟಿಕೆಟ್ ತಗೊಂಡು ಕಿಟಕಿ ಪಕ್ಕ ಜಾಗ ಹಿಡಿದು ಹಾಯಾಗಿ ಕೂತಿದ್ದೆ. ಟಿಕೆಟ್ ನೋಡುವವರು ಬಂದರು. ಟಿಕೆಟ್ಟನ್ನು ಆ ಕಡೆ ಈ ಕಡೆ ತಿರುಗಿಸಿದರು. ಏನೋ ಕೇಳಿದರು. ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿರಬೇಕು ಅಂದುಕೊಂಡು ನಗುನಗುತ್ತಾ "ಫೆರಾರಾ" ಅಂದೆ. ಅವರು ನಗಲಿಲ್ಲ. ಎದುರಿಗೆ ಕೂತಿದ್ದ ಅಜ್ಜಿ ತಮ್ಮ ಟಿಕೆಟ್ ತೆಗೆದು, ಅದರ ತುದಿಯಲ್ಲಿ ಒತ್ತಿದ್ದ ಸಣ್ಣ ಅಕ್ಷರದ ಮುದ್ರೆಗೆ ಬೆರಳಿಟ್ಟು ತೋರಿಸಿದರು. ಪ್ಲಾಟ್‌ಫಾರಂನಲ್ಲಿ ಒಂದು ಪುಟ್ಟ ಯಂತ್ರ ಇರುತ್ತದೆ. ಹತ್ತುವ ಮೊದಲು ಟಿಕೆಟ್ಟನ್ನು ಅದರ ಬಾಯಿಗೆ ಇಟ್ಟು ದಿನಾಂಕ, ಸಮಯ ಒತ್ತಿಸಿಕೊಳ್ಳಬೇಕು. ಒತ್ತಿಸದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ. ಮೊಬೈಲ್ ಟಿಕೆಟ್ ಆದರೆ ಅದರಲ್ಲೇ ಚೆಕ್-ಇನ್ ಮಾಡಬೇಕು. ತಪ್ಪು ನನ್ನದೇ, ದಂಡ ಕಟ್ಟಿದೆ. ಆ ವಾರವಿಡೀ ಟೊಮೆಟೊ ಅನ್ನ. ಈಗ ಹೊಸದಾಗಿ ಬರುವವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದೇ. ಮರೆತು ಹತ್ತಿಬಿಟ್ಟಿದ್ದರೆ ಸುಮ್ನೆ ಕೂರಬೇಡಿ, ಅವರು ಬರುವ ಮೊದಲೇ ನೀವೇ ಹುಡುಕಿಕೊಂಡು ಹೋಗಿ ಹೇಳಿ.

ನಿಧಾನದ ರೈಲು ಬರೀ ಅಗ್ಗ ಅಂತಲ್ಲ. ಬೊಲೊನ್ಯಾದಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ನಲವತ್ತು ನಿಮಿಷವೂ ಬೇಡ. ಆದರೆ 2009ರಲ್ಲಿ ಶುರುವಾದ ಆ ಮಾರ್ಗ ಸುಮಾರು 78 ಕಿಲೋಮೀಟರ್, ಅದರಲ್ಲಿ 73 ಕಿಲೋಮೀಟರ್ ಸುರಂಗ. ಕಿಟಕಿಯಲ್ಲಿ ಕಾಣುವುದು ನಿಮ್ಮ ಮುಖವೇ. ರೆಜೊನಾಲೆ 1934ರ ಹಳೇ ಮಾರ್ಗದಲ್ಲಿ ಹೋಗುತ್ತದೆ. ಅದರಲ್ಲೂ ಹದಿನೆಂಟೂವರೆ ಕಿಲೋಮೀಟರಿನ ಒಂದು ಸುರಂಗ ಇದೆ. ಆದರೆ ಅದಕ್ಕೆ ಮುಂಚೆ ಒಂದು ಕಣಿವೆ ಇದೆ, ಹೊಳೆ ಇದೆ, ಸೌದೆ ಒಟ್ಟಿದ ಹಿತ್ತಿಲು, ಒಗೆದ ಬಟ್ಟೆ ಹರವಿದ ಮನೆಗಳು ಇವೆ. ಸುರಂಗ ದಾಟಿ ಪ್ರಾತೊದಲ್ಲಿ ಇಳಿದು ಇನ್ನೊಂದು ರೈಲು ಹಿಡಿದರೆ ಫ್ಲಾರೆನ್ಸ್. ಒಂದು ಗಂಟೆ ಜಾಸ್ತಿ ಹಿಡಿಯಿತು. ಆ ಗಂಟೆಯಲ್ಲಿ ನಾನು ಏನು ಕಡಿದು ಕಟ್ಟೆ ಹಾಕುತ್ತಿದ್ದೆ?

ಈಗ ರವೆನ್ನಾ. ಫೋಟೊ ಹಾಕುವವರ ಪಟ್ಟಿಯಲ್ಲಿ ಈ ಊರು ಅಷ್ಟಾಗಿ ಕಾಣುವುದಿಲ್ಲ. ಬೊಲೊನ್ಯಾದಿಂದ ಒಂದೂಕಾಲು ಗಂಟೆ. ಅಲ್ಲಿ ಗಾಲ್ಲಾ ಪ್ಲಾಚೀದಿಯಾ ಎಂಬ ರಾಣಿಯ ಹೆಸರಿನ ಸಮಾಧಿ ಕಟ್ಟಡ ಇದೆ, 5ನೇ ಶತಮಾನದ್ದು. ಹೊರಗಿನಿಂದ ಬರೀ ಇಟ್ಟಿಗೆ. ಯಾರದೋ ಮನೆಯ ಉಗ್ರಾಣ ಇದ್ದ ಹಾಗಿದೆ. ಜಾಗ ಚಿಕ್ಕದು, ಒಂದು ಗುಂಪಿಗೆ ಐದು ನಿಮಿಷ ಅಷ್ಟೇ. ಒಳಗೆ ಕಾಲಿಟ್ಟಾಗ ಕತ್ತಲೆ, ಏನೂ ಕಾಣಲಿಲ್ಲ. ಐದರಲ್ಲಿ ಒಂದು ನಿಮಿಷ ಹೀಗೇ ಹೋಯಿತಲ್ಲ ಅಂತ ನನಗೆ ಹೊಟ್ಟೆ ಉರಿ. ಕಿಟಕಿಗೆ ಗಾಜಿನ ಬದಲು ಅಲಬಾಸ್ಟರ್ ಕಲ್ಲಿನ ತೆಳು ಹಲಗೆ ಇದೆ, ಬೆಳಕು ಜೇನಿನ ಬಣ್ಣಕ್ಕೆ ತಿರುಗಿ ಸೋರುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ತಲೆ ಎತ್ತಿದೆ. ಇಡೀ ಚಾವಣಿ ಕಡುನೀಲಿ. ಅದರ ತುಂಬ ಚಿನ್ನದ ನಕ್ಷತ್ರ. ಒಂದೊಂದೂ ಉಗುರಿಗಿಂತ ಸಣ್ಣ ಗಾಜಿನ ಚೂರು ಕೂರಿಸಿ ಮಾಡಿದ್ದು. ಆ ಚೂರುಗಳನ್ನು ಮಟ್ಟಸವಾಗಿ ಕೂರಿಸಿಲ್ಲ, ಸ್ವಲ್ಪ ಸ್ವಲ್ಪ ಓರೆಯಾಗಿವೆ. ಹಾಗಾಗಿ ನೀವು ತಲೆ ಅಲ್ಲಾಡಿಸಿದರೆ ಒಂದು ಆರಿ ಇನ್ನೊಂದು ಹೊಳೆಯುತ್ತದೆ. ನಾನು ಹುಚ್ಚಿಯ ಹಾಗೆ ತಲೆ ಅಲ್ಲಾಡಿಸುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಅಪರಿಚಿತರೂ ಹಾಗೇ ಮಾಡುತ್ತಿದ್ದರು.

ಅದೇ ಊರಿನಲ್ಲಿ ಇಟಲಿಯ ಮಹಾಕವಿ ಡಾಂಟೆಯ ಸಮಾಧಿಯೂ ಇದೆ. ಫ್ಲಾರೆನ್ಸಿನವನು, ಆ ಊರಿನವರೇ ಗಡೀಪಾರು ಮಾಡಿದರು, 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಆಮೇಲೆ ಫ್ಲಾರೆನ್ಸಿನವರಿಗೆ ಅವನು ಬೇಕಾದ. ಇನ್ನೂರು ವರ್ಷ ಕಳೆದು, ಪೋಪನಿಂದ ಅಪ್ಪಣೆ ಪಡೆದು ಅಸ್ಥಿ ಒಯ್ಯಲು ಬಂದರೆ ಪೆಟ್ಟಿಗೆ ಖಾಲಿ. ಇಲ್ಲಿನ ಸನ್ಯಾಸಿಗಳು ಮೊದಲೇ ಬಚ್ಚಿಟ್ಟಿದ್ದರು. ಅದು ಮತ್ತೆ ಸಿಕ್ಕಿದ್ದು 1865ರಲ್ಲಿ, ಗೋಡೆ ರಿಪೇರಿ ಮಾಡುವಾಗ. ಈಗಲೂ ಅಲ್ಲಿ ಉರಿಯುವ ದೀಪಕ್ಕೆ ವರ್ಷ ವರ್ಷ ಸೆಪ್ಟೆಂಬರಿನಲ್ಲಿ ಎಣ್ಣೆ ತಂದುಕೊಡುವುದು ಫ್ಲಾರೆನ್ಸಿನವರೇ. ಮನೆ ಬಿಟ್ಟು ಓಡಿಸಿದ ಮಗನ ತಿಥಿಗೆ ಎಣ್ಣೆ ಕಳಿಸಿದ ಹಾಗಾಯಿತು, ಅಲ್ವಾ?

ಊಟದ ಕಷ್ಟ ಹೇಳದಿದ್ದರೆ ಅಮ್ಮ ಈ ಪತ್ರ ನಂಬುವುದಿಲ್ಲ. ನಾನು ಸಸ್ಯಾಹಾರಿ. ರವೆನ್ನಾ ಕಡೆ ಪಿಯಾದೀನಾ ಅಂತ ತೆಳ್ಳನೆಯ ರೊಟ್ಟಿ ಸಿಗುತ್ತದೆ, ಕಾವಲಿಯ ಮೇಲೆ ಬೇಯಿಸಿ ಚೀಸ್, ಸೊಪ್ಪು ತುಂಬಿ ಮಡಚಿ ಕೊಡುತ್ತಾರೆ. ಬರೀ ಹಿಟ್ಟಿನ ರೊಟ್ಟಿ ಅಂತ ಮೂರು ಸಲ ತಿಂದೆ. ನಾಲ್ಕನೇ ಸಲ ಗೊತ್ತಾಯಿತು, ಹಿಟ್ಟು ಕಲಸುವುದೇ ಹಂದಿ ಕೊಬ್ಬು ಹಾಕಿ. ಅದಕ್ಕೆ ಸ್ತ್ರುತ್ತೊ ಅನ್ನುತ್ತಾರೆ. ಫೆರಾರಾದ ತಿರುಚಿದ ಬ್ರೆಡ್ಡಿನಲ್ಲೂ ಅದೇ. ಈಗ ಅಂಗಡಿಗೆ ಹೋದ ತಕ್ಷಣ "ಸೆನ್ಸಾ ಸ್ತ್ರುತ್ತೊ?" ಅಂತ ಕೇಳುತ್ತೇನೆ, ಕೊಬ್ಬು ಹಾಕದ್ದು ಇದೆಯಾ ಅಂತ. ಎಣ್ಣೆಯಲ್ಲಿ ಕಲಸಿದ್ದೂ ಎಷ್ಟೋ ಕಡೆ ಇಟ್ಟಿರುತ್ತಾರೆ, ಕೇಳಿದರೆ ಮಾತ್ರ ಹೇಳುತ್ತಾರೆ. ಕೂತು ತಿನ್ನುವ ಹೋಟೆಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಇಷ್ಟು ಅಂತ ಹಾಕುತ್ತಾರೆ, ಬರೀ ಕೂತದ್ದಕ್ಕೆ. ಕಾಫಿಯನ್ನೂ ಕೌಂಟರಿನಲ್ಲಿ ನಿಂತೇ ಕುಡಿದರೆ ಅಗ್ಗ.

ನನಗೊಂದು ಅಸಮಾಧಾನವೂ ಇದೆ. ಇಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25 ವರ್ಷದವರಿಗೆ ಬರೀ 2 ಯೂರೊ ಟಿಕೆಟ್. ಆದರೆ ಅದು ಯುರೋಪಿಯನ್ ಒಕ್ಕೂಟದ ಪೌರರಿಗೆ. ನನ್ನ ರೂಮ್‌ಮೇಟ್ ಜರ್ಮನಿಯವಳು. ಒಂದೇ ಕ್ಲಾಸು, ಒಂದೇ ಬೆಂಚು, ಒಂದೇ ಅಡುಗೆಮನೆ. ಕೌಂಟರಿನಲ್ಲಿ ಅವಳಿಗೆ 2 ಯೂರೊ, ನನಗೆ ಪೂರ್ತಿ ದರ. ಅವಳೇ ನಾಚಿಕೊಂಡು ನನ್ನ ಟಿಕೆಟ್ಟಿಗೆ ದುಡ್ಡು ಸೇರಿಸಲು ಬಂದಳು, ನಾನು ಬಿಡಲಿಲ್ಲ. ಅದಕ್ಕೇ ನಾನು ತಿಂಗಳ ಮೊದಲ ಭಾನುವಾರ ಕಾಯುತ್ತೇನೆ. ಅವತ್ತು ಸರ್ಕಾರಿ ಮ್ಯೂಸಿಯಂಗಳು ಎಲ್ಲರಿಗೂ ಉಚಿತ. ಕ್ಯೂ ಹನುಮಂತನ ಬಾಲ. ಕ್ಯೂನಲ್ಲಿ ನಿಂತು ನೋಟ್ಸ್ ಓದಿಕೊಳ್ಳುತ್ತೇನೆ.

ವೆನಿಸಿಗೂ ಹೋಗಿದ್ದೆ, ಜನವರಿಯ ಮಂಜಿನಲ್ಲಿ. 2024ರ ಏಪ್ರಿಲ್ 25ರಿಂದ ಅಲ್ಲಿ ಜನಜಂಗುಳಿಯ ದಿನಗಳಲ್ಲಿ ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೊ ಪ್ರವೇಶ ಶುಲ್ಕ ಶುರುವಾಯಿತು. ಮರುವರ್ಷ ಕೊನೆ ಗಳಿಗೆಯಲ್ಲಿ ಕಟ್ಟುವವರಿಗೆ 10 ಮಾಡಿದರು. ಚಳಿಗಾಲದಲ್ಲಿ ಅದರ ಕಾಟ ಇಲ್ಲ. ಗೊಂಡೋಲಾ ದೋಣಿಯ ವಿಹಾರ ಅರ್ಧ ಗಂಟೆಗೆ 90 ಯೂರೊ. ಅದರ ಆಸೆ ಬಿಟ್ಟು, ದೊಡ್ಡ ಕಾಲುವೆ ದಾಟಿಸುವ ತ್ರಾಗೆತ್ತೊ ದೋಣಿಗೆ 2 ಯೂರೊ ಕೊಟ್ಟು ಎರಡು ನಿಮಿಷ ತೇಲಿದೆ. ದೋಣಿ ಅದೇ ಜಾತಿಯದು.

ಇನ್ನು ಆ ಹಿರಿಯರ ಮಾತು ನಿಜವಾದ ಒಂದು ವಾರಾಂತ್ಯವನ್ನೂ ಒಪ್ಪಿಕೊಳ್ಳುತ್ತೇನೆ. ಮೊದಲ ವರ್ಷ ಮೇ ತಿಂಗಳಲ್ಲಿ ನಾವು ನಾಲ್ವರು ಎರಡೇ ದಿನದಲ್ಲಿ ಪೀಸಾ, ಚಿಂಕ್ವೆ ತೆರ್ರೆ ಎಂಬ ಕಡಲ ದಂಡೆಯ ಐದೂ ಹಳ್ಳಿ, ಜೆನೋವಾ ಮುಗಿಸಿದೆವು. ಮುಗಿಸಿದೆವು ಅನ್ನುವುದೇ ಸರಿಯಾದ ಪದ. ವಾಲಿದ ಗೋಪುರವನ್ನು ಅಂಗೈಯಲ್ಲಿ ತಡೆಯುವ ಫೋಟೊ ನನ್ನದೂ ಇದೆ. ಕೊರ್ನೀಲ್ಯಾ ಹಳ್ಳಿ ಗುಡ್ಡದ ಮೇಲಿದೆ, ನಿಲ್ದಾಣದಿಂದ ಮುನ್ನೂರ ಎಂಬತ್ತರಷ್ಟು ಮೆಟ್ಟಿಲು. ಏದುಸಿರು ಬಿಡುತ್ತಾ ಹತ್ತಿದೆವು, ಹತ್ತು ನಿಮಿಷ ನಿಂತೆವು, ಮುಂದಿನ ರೈಲು ತಪ್ಪುತ್ತದೆ ಅಂತ ಇಳಿದೆವು. ಆ ಎರಡು ದಿನದಲ್ಲಿ ನೆನಪಿರುವುದು ಮೆಟ್ಟಿಲು ಮತ್ತು ಪ್ಲಾಟ್‌ಫಾರಂ. ಸೋಮವಾರ ಕ್ಲಾಸಿನಲ್ಲಿ ನಿದ್ದೆ ಮಾಡಿದೆ. ಖರ್ಚು ನಾಲ್ಕು ಶನಿವಾರದಷ್ಟು. ಇಂಥದ್ದನ್ನು ಬೈದರೆ ಬೈಸಿಕೊಳ್ಳುತ್ತೇನೆ.

ಮುಷ್ಕರದ ಮಾತು ಬಿಟ್ಟೇ ಹೋಗುತ್ತಿತ್ತು. ಶೋಪೆರೊ ಅಂತ ಬೋರ್ಡ್ ಕಂಡರೆ ಗಾಬರಿ ಬೇಡ, ಮುಂಚೆಯೇ ಘೋಷಣೆ ಆಗಿರುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ರೆಜೊನಾಲೆಗಳು ಓಡಲೇಬೇಕು ಅಂತ ನಿಯಮ. ಭಾನುವಾರಕ್ಕೆ ಆ ನಿಯಮ ಇಲ್ಲ. ಇದು ತಿಳಿಯದೆ ನಾನು ವೆರೋನಾ ನಿಲ್ದಾಣದಲ್ಲಿ ಐದು ಗಂಟೆ ಕೂತು ಒಂದು ಅಸೈನ್‌ಮೆಂಟ್ ಬರೆದು ಮುಗಿಸಿದೆ.

ಓದುವುದು ಯಾವಾಗ ಅಂತ ಆ ಹಿರಿಯರು ಕೇಳಿದರಲ್ಲ. ಇಲ್ಲಿನ ಪರೀಕ್ಷೆಗಳಲ್ಲಿ ಎಷ್ಟೋ ಬಾಯಿಪರೀಕ್ಷೆ. ಪ್ರೊಫೆಸರ್ ಎದುರು ಕೂತು ಮಾತಾಡಬೇಕು, ಮೂವತ್ತಕ್ಕೆ ಅಂಕ. ನಾನು ಧೈರ್ಯ ಮಾಡಿ ಒಂದು ವಿಷಯ ಇಟಾಲಿಯನ್‌ನಲ್ಲೇ ತಗೊಂಡಿದ್ದೆ. ಕ್ಲಾಸಿನಲ್ಲಿ ಎಲ್ಲರೂ ನನ್ನೊಡನೆ ಇಂಗ್ಲಿಷ್ ಆಡುತ್ತಾರೆ, ಭಾಷೆ ಬರುವುದಾದರೂ ಹೇಗೆ? ರೆಜೊನಾಲೆಯ ಅಜ್ಜಿಯರಿಗೆ ಇಂಗ್ಲಿಷ್ ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ. ಯಾವೂರು, ಮದುವೆ ಆಯಿತಾ, ಅಮ್ಮ ಏನು ಮಾಡುತ್ತಾರೆ, ಇಷ್ಟು ತೆಳ್ಳಗೆ ಯಾಕಿದ್ದೀಯ. ನಾನು ಕ್ರಿಯಾಪದ ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ಆ ಪರೀಕ್ಷೆಯಲ್ಲಿ 27 ಬಂತು.

ಬೊಲೊನ್ಯಾ ನಿಲ್ದಾಣದ ಹೊರಗೋಡೆಯ ಗಡಿಯಾರ 10 ಗಂಟೆ 25 ನಿಮಿಷಕ್ಕೆ ನಿಂತಿದೆ. ಹೊಸಬರು ಅದನ್ನು ನೋಡಿ ರೈಲು ತಪ್ಪಿತು ಅಂತ ಓಡುತ್ತಾರೆ, ನಾನೂ ಓಡಿದ್ದೆ. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ಅಲ್ಲಿನ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಅವತ್ತೂ ಶನಿವಾರ, ರಜೆಯ ಕಾಲ. ಬಿರಿದ ಗೋಡೆಯನ್ನು ಹಾಗೇ ಇಟ್ಟಿದ್ದಾರೆ, ಪಕ್ಕದಲ್ಲಿ ಹೆಸರುಗಳು, ಹೆಸರಿನ ಮುಂದೆ ವಯಸ್ಸು. ಟಿಕೆಟ್ಟಿಗೆ ಮುದ್ರೆ ಒತ್ತಿಸಿಕೊಂಡು ಸಮಯ ಉಳಿದರೆ ಅಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಪುರವಣಿಯಲ್ಲಿ ಇಟಲಿ ಪ್ರವಾಸದ ಲೇಖನ ಹಾಕುವಾಗ ಏಳು ದಿನಕ್ಕೆ ಒಂಬತ್ತು ಊರು ಅಂತ ಹಾಕಬೇಡಿ. ಟಿಕೆಟ್ ಒತ್ತಿಸುವ ಯಂತ್ರದ ಒಂದು ಫೋಟೊ ಹಾಕಿ, ಸಾಕು. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ನಾಳೆ ಶನಿವಾರ. ಪಾರ್ಮಾ ಅಂದುಕೊಂಡಿದ್ದೇನೆ, ಮಳೆ ಬಂದರೆ ಲೈಬ್ರರಿ. ಟಿಕೆಟ್ ಇನ್ನೂ ತಗೊಂಡಿಲ್ಲ. ಬೆಳಗ್ಗೆ ಎದ್ದು ಕಿಟಕಿಯ ಹೊರಗೆ ನೋಡಿ ತಗೊಂಡರೂ ದರ ಅಷ್ಟೇ ಇರುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಬೊಲೊನ್ಯಾ, ಇಟಲಿ