ಜಾತ್ರೆ ಪಟ್ಟಿ ಕೊಡಲ್ಲ ಅಂದ ಗೆಳೆಯನಿಗೆ

ಗೆಳೆಯಾ,

ಜಾತ್ರೆ ಪಟ್ಟಿ, ಅಂದರೆ ಊರ ಜಾತ್ರೆಗೆ ಎತ್ತುವ ವಂತಿಗೆ ದುಡ್ಡು, ಕೇಳಿದವರಿಗೆ ನೀನು "ಊರು ಬಿಟ್ಟಾಯ್ತು, ನಾನ್ಯಾಕೆ ಕೊಡಬೇಕು" ಅಂದೆಯಂತೆ. ನನಗೇನೂ ಸಿಟ್ಟಿಲ್ಲ ಕಣೋ. ಪ್ರಶ್ನೆ ದೊಡ್ಡದು, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆಯುತ್ತಾ ಒಂದು ಕಲ್ಪನೆ ಕೊಟ್ಟರು. ನಮ್ಮ ಹುಟ್ಟು, ಆಸ್ತಿ, ದೇವರು ಯಾವುದೂ ನಮಗೇ ಗೊತ್ತಾಗದ ಹಾಗೆ ಪರದೆ ಎಳೆದುಕೊಂಡು ಸಮಾಜದ ನಿಯಮ ಮಾಡೋಣ, ಆಗ ಯಾರೂ ತಮ್ಮ ಕಡೆಗೆ ಎಳೆದುಕೊಳ್ಳಲು ಆಗಲ್ಲ ಅಂತ. ಇದರಲ್ಲಿ ನ್ಯಾಯ ಇದೆ. ಆದರೆ 1982ರಲ್ಲಿ ಅಲ್ಲಿನದೇ ಇನ್ನೊಬ್ಬ ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡಲ್ ತಕರಾರು ತೆಗೆದರು: ಎಲ್ಲ ನಂಟು ಕಳಚಿ ನಿಂತ ಆ ಮನುಷ್ಯ ಯಾರು? ಅಂಥವನು ನಮ್ಮಲ್ಲಿ ಒಬ್ಬನೂ ಇಲ್ಲ, ಅಲ್ವಾ?

ಸ್ಯಾಂಡಲ್ ಪ್ರಕಾರ ಸಮುದಾಯ ಮೂರು ಥರ. ಲಾಭಕ್ಕೆ ಸೇರಿದ್ದು ಒಂದು, ದಾವಣಗೆರೆ ಎಪಿಎಂಸಿ ವರ್ತಕರ ಸಂಘದ ಥರ. ಪ್ರೀತಿಗೆ ಸೇರಿದ್ದು ಇನ್ನೊಂದು. ಮೂರನೆಯದು ನಾವು ಯಾರು ಅನ್ನೋದನ್ನೇ ರೂಪಿಸಿದ್ದು. ಅದನ್ನು ನಾವು ಆರಿಸಿಕೊಂಡಿರಲ್ಲ. ಮಠದ ಹಾಸ್ಟೆಲ್ಲಿನಲ್ಲಿ ಯಾರೋ ಕೊಟ್ಟ ಜೋಳದಲ್ಲಿ ಉಂಡು ಓದಿದೆವಲ್ಲ, ಆ ಋಣಕ್ಕೆ ಯಾವ ಕರಾರಿಗೂ ಸಹಿ ಹಾಕಿರಲಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗೆ. ಕೇರಿಯ ಪಟ್ಟಿ ದುಡ್ಡು ತಗೊಂಡು ಕೇರಿಯವರಿಗೆ ತೇರಿನ ಹಗ್ಗ ಮುಟ್ಟಲು ಬಿಡದ ಊರೂ ಸಮುದಾಯವೇ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ಸಂತೋಷ ಅಂದರು. ಊರು ಯಾರನ್ನು ಹೇಗೆ ನಡೆಸಿಕೊಳ್ಳುತ್ತೆ ಅಂತ ಅವರಿಗೆ ಗೊತ್ತಿತ್ತು. ಅಮೆರಿಕದ ಪಂಡಿತರ ಈ ಜಗಳದಲ್ಲಿ ನಮ್ಮ ಜಾತಿಯ ಭಾರ ಕಾಣಿಸೋದು ಕಡಿಮೆ.

ಆದರೂ ನಮ್ಮ ಚಿತ್ರದುರ್ಗ ನೋಡು. ಮಾದಿಗರ ಮಠ ಮಾದಾರ ಚನ್ನಯ್ಯ ಗುರುಪೀಠ, ಭೋವಿಗಳ ಮಠ ಭೋವಿ ಗುರುಪೀಠ. ಊರು ದೂರ ಇಟ್ಟ ಜನ ಒಬ್ಬೊಬ್ಬರಾಗಿ ಚದುರಿ ಹೋಗಲಿಲ್ಲ, ತಮ್ಮದೇ ನೆಲೆ ಕಟ್ಟಿಕೊಂಡರು. ಒಂಟಿ ಮನುಷ್ಯನ ಹಕ್ಕು ಮಾತ್ರ ಸಾಕಾಗಿದ್ದರೆ ಇದೆಲ್ಲ ಯಾಕೆ ಬೇಕಿತ್ತು?

ತತ್ವಶಾಸ್ತ್ರಜ್ಞ ಅಲಸ್ಡೇರ್ ಮ್ಯಾಕಿಂಟೈರ್ 1981ರಲ್ಲೇ ಹೇಳಿದ ಮಾತು ನನಗೆ ಹಿಡಿಸುತ್ತೆ: ನಾವು ಹುಟ್ಟಿದ ಬಳಗದಿಂದಲೇ ನಮ್ಮ ನೀತಿ ಶುರುವಾಗುತ್ತೆ, ಹಾಗಂತ ಆ ಬಳಗದ ಮಿತಿಯನ್ನೆಲ್ಲ ಒಪ್ಪಬೇಕಿಲ್ಲ. ಅದಕ್ಕೇ ಕೇಳ್ತೀನಿ, ಪಟ್ಟಿ ಕೊಡು. ಕೊಟ್ಟವನಾಗಿ ಜಾತ್ರೆ ಸಭೆಗೆ ಬಾ. ಈ ಸಲ ಹಗ್ಗ ಯಾರ್ಯಾರು ಹಿಡೀತಾರೆ ಅಂತ ಎಲ್ಲರ ಮುಂದೆ ಕೇಳು. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ.

ನಿನ್ನ ಗೆಳೆಯ